ಹಳೆಯ ಫ್ಯಾನ್ ಸೈಟ್: ಅಪ್‌ಡೇಟ್ ನಿಲ್ಲಿಸಬಹುದು, ಸೈಟ್ ನಿಲ್ಲಿಸಬೇಕಿಲ್ಲ

ಪ್ರಶ್ನೆ: ನನಗೆ ತುಂಬಾ ಇಷ್ಟವಾದ ಒಂದು ಸಂಗೀತ ತಂಡದ ಬಗ್ಗೆ 2004ರಲ್ಲಿ ಸ್ವಂತ ವೆಬ್‌ಸೈಟ್ ಶುರು ಮಾಡಿದೆ. ಸುದ್ದಿ, ಆಲ್ಬಂಗಳ ವಿವರ, ಕಾರ್ಯಕ್ರಮಗಳ ಪಟ್ಟಿ, ಸಂದರ್ಶನಗಳು, ಫೋಟೋ ಗ್ಯಾಲರಿ, ಗೆಸ್ಟ್‌ಬುಕ್ ಎಲ್ಲ ಇದೆ. ತಂಡ ಒಡೆದು ಎಂಟು ವರ್ಷವಾಯಿತು. ಸದಸ್ಯರಲ್ಲಿ ಯಾರಾದರೂ ಹೊಸ ಹಾಡು ಮಾಡಿದರೆ ಆಗೊಮ್ಮೆ ಈಗೊಮ್ಮೆ ಏನೋ ಒಂದು ಹಾಕುತ್ತೇನೆ. 2023ರ ಮಧ್ಯದಲ್ಲಿ ಓದುಗರ ಲೆಕ್ಕ ಸೊನ್ನೆಗೆ ಇಳಿಯಿತು, ಆಮೇಲೆ ನೋಡುವುದನ್ನೇ ಬಿಟ್ಟೆ. ಮುಚ್ಚೋಣ ಅಂದರೆ ಮನಸ್ಸು ಬರುವುದಿಲ್ಲ, ನಡೆಸೋಣ ಅಂದರೆ ಮೊದಲಿನ ಹುಮ್ಮಸ್ಸಿಲ್ಲ. ಇದರ ಜೊತೆಗೆ ಯಾರೋ ಒಬ್ಬರು ಸೈಟ್‌ನ ಡೊಮೇನ್ (ವಿಳಾಸದ ಹೆಸರು) ಕೊಂಡುಕೊಳ್ಳುತ್ತೇನೆ ಅಂತ ಮೇಲ್ ಮೇಲೆ ಮೇಲ್ ಹಾಕುತ್ತಿದ್ದಾರೆ. ಏನು ಮಾಡಲಿ?

ಉತ್ತರ: ಮೊದಲು ಆ ಸೊನ್ನೆಯ ವಿಷಯ. 2023ರ ಮಧ್ಯದಲ್ಲಿ ನಿಮ್ಮ ಸೈಟ್‌ಗೆ ಜನ ಬರುವುದು ನಿಂತಿತು ಅಂತ ನನಗೆ ಅನಿಸುವುದಿಲ್ಲ. ಲೆಕ್ಕ ಇಡುವುದು ನಿಂತಿರಬೇಕು. ಸೈಟ್‌ಗೆ ಬಂದವರನ್ನು ಎಣಿಸುವ ಗೂಗಲ್ ಅನಲಿಟಿಕ್ಸ್‌ನ ಹಳೆಯ ಆವೃತ್ತಿ, ಯೂನಿವರ್ಸಲ್ ಅನಲಿಟಿಕ್ಸ್ ಅಂತಿತ್ತಲ್ಲ, ಅದು 2023ರ ಜುಲೈ 1ರಿಂದ ಹೊಸ ಲೆಕ್ಕ ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ಹೊಸ ಆವೃತ್ತಿಗೆ ಹೋಗದವರ ಗ್ರಾಫ್ ಒಂದೇ ಸಲಕ್ಕೆ ನೆಲ ಕಚ್ಚಿತು. ಹಳೆಯ ಕೋಡನ್ನು ಹತ್ತು ವರ್ಷ ಮುಟ್ಟದೆ ಬಿಟ್ಟವರು ಸಹಜವಾಗಿ ಅದನ್ನು "ಇನ್ನು ಯಾರಿಗೂ ಬೇಡ" ಅಂತ ಓದಿಕೊಂಡರು. ತಾರೀಖು ಇಷ್ಟು ಸರಿಯಾಗಿ ಹೊಂದುತ್ತಿದೆ ಅಂದರೆ ನಿಮ್ಮದೂ ಅದೇ ಕಥೆ ಇರಬೇಕು.

ಹಾಗಾಗಿ ಯಾವುದೇ ತೀರ್ಮಾನಕ್ಕೆ ಮೊದಲು ನಿಜವಾದ ಲೆಕ್ಕ ನೋಡಿ. ಸೈಟ್‌ನ ಫೈಲ್‌ಗಳನ್ನು ಇಟ್ಟಿರುವ ಹೋಸ್ಟಿಂಗ್ ಕಂಪನಿಯ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಸಾಮಾನ್ಯವಾಗಿ ಆಕ್ಸೆಸ್ ಲಾಗ್, ಅಂದರೆ ಯಾವ ಪುಟ ಯಾವಾಗ ತೆರೆಯಿತು ಅನ್ನುವ ದಾಖಲೆ, ಸಿಗುತ್ತದೆ. ಆದರೆ ಅದರಲ್ಲಿ ಬಾಟ್‌ಗಳ (ತಾವಾಗಿ ಪುಟ ತೆರೆಯುವ ಪ್ರೋಗ್ರಾಂಗಳ) ಓಡಾಟವೇ ಜಾಸ್ತಿ. ಆ ಸಂಖ್ಯೆ ನೋಡಿ ಹಿಗ್ಗಬೇಡಿ. ಅದಕ್ಕಿಂತ ಗೂಗಲ್ ಸರ್ಚ್ ಕನ್ಸೋಲ್ ಉಪಯೋಗಕ್ಕೆ ಬರುತ್ತದೆ. ಯಾರು ಏನು ಹುಡುಕಿದರು, ನಿಮ್ಮ ಯಾವ ಪುಟ ತೋರಿತು, ಎಷ್ಟು ಜನ ಒತ್ತಿದರು ಅನ್ನುವುದು ಅಲ್ಲಿ 16 ತಿಂಗಳ ಹಿಂದಿನವರೆಗೂ ಇರುತ್ತದೆ. ಸೈಟನ್ನು ಈವರೆಗೆ ಅಲ್ಲಿ ಸೇರಿಸಿಲ್ಲ ಅಂದರೆ ಇವತ್ತೇ ಸೇರಿಸಿ ಒಂದೆರಡು ತಿಂಗಳು ಕಾಯಿರಿ. ಇಷ್ಟು ವರ್ಷ ಕಾದಿದ್ದೀರಿ, ಇನ್ನೆರಡು ತಿಂಗಳಲ್ಲಿ ಏನೂ ಮುಳುಗುವುದಿಲ್ಲ.

ಅಲ್ಲಿ ಏನು ಕಾಣುತ್ತದೆ ಅಂತ ಸುಮಾರಾಗಿ ಈಗಲೇ ಹೇಳಬಲ್ಲೆ, ಏಕೆಂದರೆ ಇಂಥ ಸೈಟ್‌ಗಳಲ್ಲಿ ಹೆಚ್ಚುಕಡಿಮೆ ಒಂದೇ ಚಿತ್ರ. ಮುಖಪುಟಕ್ಕೆ ಬರುವವರು ಬೆರಳೆಣಿಕೆಯಷ್ಟು. ಸುದ್ದಿ ಪುಟಕ್ಕೆ ಬರುವವರು ಅದಕ್ಕಿಂತ ಕಡಿಮೆ. ಆದರೆ ಒಳಗಿನ ಮೂರ್ನಾಲ್ಕು ಪುಟಗಳು ಒಂದು ದಿನವೂ ತಪ್ಪದೆ ಜನರನ್ನು ತರುತ್ತಿರುತ್ತವೆ. ಒಂದು ಹಳೆಯ ಆಲ್ಬಂನಲ್ಲಿ ಯಾರು ಯಾವ ವಾದ್ಯ ನುಡಿಸಿದರು ಅನ್ನುವ ಪುಟ. ಯಾವ ಕಾರ್ಯಕ್ರಮದಲ್ಲಿ ಯಾವ ಹಾಡು ಹಾಡಿದರು ಅನ್ನುವ ಪಟ್ಟಿ. ಬೇರೆಲ್ಲೂ ಸಿಗದ ಒಂದು ಸಂದರ್ಶನ. ನೀವು ಮುಖಪುಟ ನೋಡಿ ಬೇಜಾರು ಮಾಡಿಕೊಳ್ಳುತ್ತಿದ್ದೀರಿ. ಓದುಗರು ಆ ಪುಟವನ್ನು ನೋಡುವುದೇ ಇಲ್ಲ.

ನಿಮ್ಮ ಪ್ರಶ್ನೆಯ ಗಂಟು ಇಲ್ಲೇ ಇದೆ. "ಅಪ್‌ಡೇಟ್ ಮಾಡುತ್ತಾ ಇರಲೋ, ಮುಚ್ಚಲೋ" ಅಂತ ಕೇಳಿದ್ದೀರಿ. ಇವು ಒಂದರ ಬದಲಿಗೆ ಇನ್ನೊಂದು ಅಲ್ಲ. ಸೈಟ್‌ಗೆ ಹೊಸದನ್ನು ಸೇರಿಸುವುದು ಒಂದು ಕೆಲಸ. ಸೈಟನ್ನು ಬದುಕಿಸಿಟ್ಟುಕೊಳ್ಳುವುದು ಬೇರೆಯೇ ಕೆಲಸ. ಮೊದಲನೆಯದಕ್ಕೆ ಹುಮ್ಮಸ್ಸು ಬೇಕು, ಎರಡನೆಯದಕ್ಕೆ ವರ್ಷಕ್ಕೆ ಒಂದೆರಡು ಬಿಡುವಿನ ದಿನ ಸಾಕು. ಮೊದಲನೆಯದನ್ನು ನೀವು ಯಾರ ಅಪ್ಪಣೆಯೂ ಇಲ್ಲದೆ ಇವತ್ತೇ ನಿಲ್ಲಿಸಬಹುದು. ಎರಡನೆಯದನ್ನು ನಿಲ್ಲಿಸುವ ಮೊದಲು ಎರಡು ಸಲ ಯೋಚನೆ ಮಾಡಿ.

ನೀವು ಸೈಟ್ ಶುರು ಮಾಡಿದ ಕಾಲದಲ್ಲಿ ಫ್ಯಾನ್ ಸೈಟ್ ಅಂದರೆ ಪತ್ರಿಕೆಯ ಹಾಗೆ ಇತ್ತು. ಹೊಸ ಸುದ್ದಿ ಮೊದಲು ಹಾಕಿದವರೇ ಗೆದ್ದರು. ಈಗ ಆ ಕೆಲಸವನ್ನು ಕಲಾವಿದರೇ ತಮ್ಮ ಸೋಷಿಯಲ್ ಮೀಡಿಯಾ ಖಾತೆಗಳಲ್ಲಿ ಮಾಡಿಕೊಳ್ಳುತ್ತಾರೆ. ಆ ಓಟದಲ್ಲಿ ನೀವು ಗೆಲ್ಲುವುದಿಲ್ಲ, ಗೆಲ್ಲಬೇಕಾಗಿಯೂ ಇಲ್ಲ. ಪತ್ರಿಕೆ ಒಂದು ತಿಂಗಳು ಬರದಿದ್ದರೆ ನಿಂತುಹೋಯಿತು ಅನ್ನುತ್ತಾರೆ. ಪುಸ್ತಕ ಇಪ್ಪತ್ತು ವರ್ಷ ಬದಲಾಗದಿದ್ದರೆ ಯಾರೂ ಏನೂ ಕೇಳುವುದಿಲ್ಲ. ನಿಮ್ಮ ಸೈಟ್ ಯಾವಾಗಲೋ ಪುಸ್ತಕವಾಗಿದೆ, ನೀವು ಇನ್ನೂ ಸಂಪಾದಕರ ಕುರ್ಚಿಯಲ್ಲೇ ಕೂತಿದ್ದೀರಿ.

ಎಲ್ಲ ಫ್ಯಾನ್ ಸೈಟ್‌ಗೂ ಇದೇ ಮಾತು ಹೊಂದುವುದಿಲ್ಲ. ಈಗಲೂ ಕೆಲಸ ಮಾಡುತ್ತಿರುವ ನಟಿಯ ಸೈಟ್, ಇನ್ನೂ ಬರುತ್ತಿರುವ ಧಾರಾವಾಹಿಯ ಸೈಟ್ ಬೇರೆ. ಅಲ್ಲಿ ಅಪ್‌ಡೇಟ್ ನಿಂತರೆ ಮಾಹಿತಿಯೇ ತಪ್ಪಾಗುತ್ತದೆ. ನನಗೆ ಒಂದು ಪ್ರಶ್ನೆ ತುಂಬಾ ಉಪಯೋಗಕ್ಕೆ ಬಂದಿದೆ: ಈ ಪುಟವನ್ನು ಎರಡು ವರ್ಷ ಮುಟ್ಟದಿದ್ದರೆ ಓದಿದವರು ಯಾರಾದರೂ ಮೋಸ ಹೋಗುತ್ತಾರಾ? "ಮುಂದಿನ ಕಾರ್ಯಕ್ರಮಗಳು" ಪುಟ ಆದರೆ, ಹೌದು. ಅಭಿಮಾನಿ ಸಂಘದ ವಿಳಾಸ ಆದರೆ, ಹೌದು. 1998ರ ಆಲ್ಬಂನ ವಿವರ ಆದರೆ, ಇಲ್ಲ. ಸೈಟ್‌ನ ಎಲ್ಲ ಪುಟಗಳಿಗೂ ಈ ಪ್ರಶ್ನೆ ಹಾಕಿ ನೋಡಿ. ನಿಮ್ಮ ಸೈಟ್‌ನಲ್ಲಿ ಮೋಸ ಮಾಡುವ ಪುಟಗಳು ಐದಾರು ಇದ್ದರೆ ಹೆಚ್ಚು. ಅವನ್ನು ತೆಗೆದುಬಿಟ್ಟರೆ ಉಳಿದದ್ದಕ್ಕೆ ನಿಮ್ಮಿಂದ ಹೊಸ ಮಾತು ಬೇಕಿಲ್ಲ.

"ಅಪ್‌ಡೇಟ್ ಮಾಡದಿದ್ದರೆ ಗೂಗಲ್ ಕೆಳಗೆ ತಳ್ಳಿಬಿಡುತ್ತೆ" ಅಂತ ಯಾರಾದರೂ ಹೇಳಿರುತ್ತಾರೆ. ಇವತ್ತಿನ ಸುದ್ದಿ ಹುಡುಕುವವರಿಗೆ ಹೊಸ ಪುಟ ಮೇಲೆ ಬರುತ್ತದೆ, ಅದು ಸರಿ. ಆದರೆ ಇಪ್ಪತ್ತು ವರ್ಷ ಹಿಂದಿನ ಒಂದು ಕಾರ್ಯಕ್ರಮದ ಹಾಡುಗಳ ಪಟ್ಟಿ ಹುಡುಕುವವರಿಗೆ ಪುಟ ಹೊಸದಾದರೇನು, ಹಳೆಯದಾದರೇನು? ಒಳಗಿನದು ಏನೂ ಬದಲಾಗದೆ ಸುಮ್ನೆ ತಾರೀಖು ಮಾತ್ರ ಬದಲಿಸುವುದನ್ನು ಗೂಗಲ್ ತನ್ನ ಸೂಚನೆಗಳಲ್ಲೇ ಒಳ್ಳೆಯ ಲಕ್ಷಣ ಅಂತ ಎಣಿಸಿಲ್ಲ. ಆ ಭಯಕ್ಕೆ ಬರೆಯುವುದನ್ನು ಬಿಡಿ.

ಈಗ ಒಂದು ಕೆಲಸ ಮಾಡಿ. ನಿಮ್ಮ ಮುಖಪುಟವನ್ನು ಪರಿಚಯವಿಲ್ಲದವರ ಕಣ್ಣಿನಿಂದ, ಮೊಬೈಲ್‌ನಲ್ಲಿ ನೋಡಿ. ನಾನು ಊಹಿಸುತ್ತೇನೆ: ಮೇಲುಗಡೆ "ಹೊಸದು!" ಅಂತ ಮಿನುಗುವ ಒಂದು ಚಿತ್ರ, ಅದರ ಪಕ್ಕದಲ್ಲಿ ಏಳೆಂಟು ವರ್ಷ ಹಳೆಯ ಸುದ್ದಿ. ಬಲಗಡೆ ಒಂದು ಜನಮತ ಪೆಟ್ಟಿಗೆ, ಒತ್ತಿದರೆ ಏನೂ ಆಗುವುದಿಲ್ಲ. "ಅಫಿಲಿಯೇಟ್ಸ್" ಅಂತ, ಸ್ನೇಹಿತರ ಸೈಟ್‌ಗಳಿಗೆ ಹೋಗುವ ಪುಟ್ಟ ಪುಟ್ಟ ಬಟನ್‌ಗಳ ಸಾಲು. ಅದರಲ್ಲಿ ಅರ್ಧ ಒಡೆದ ಚಿತ್ರದ ಗುರುತು. ಒಂದೆರಡು ಒತ್ತಿದರೆ ಜೂಜಿನ ಸೈಟ್ ತೆರೆಯುತ್ತದೆ. ಕೆಳಗೆ "ಸೈಟ್ ಸದ್ಯಕ್ಕೆ ಹಯಾಟಸ್‌ನಲ್ಲಿದೆ (ಬಿಡುವಿನಲ್ಲಿದೆ), ಬೇಗ ಬರುತ್ತೇನೆ." ಅಕ್ಷರ ಎಷ್ಟು ಚಿಕ್ಕದು ಅಂದರೆ ಎರಡು ಬೆರಳಿನಲ್ಲಿ ಹಿಗ್ಗಿಸಿಕೊಂಡೇ ಓದಬೇಕು.

ಫ್ಯಾನ್ ಸೈಟ್‌ಗಳನ್ನು ಹಾಳು ಮಾಡುವುದು ನಿಂತ ಅಪ್‌ಡೇಟ್ ಅಲ್ಲ, ಈ "ಬೇಗ ಬರುತ್ತೇನೆ" ಅನ್ನುವ ಸುಳ್ಳು. ಓದುಗರಿಗೆ ಮಾಹಿತಿ ಹಳೆಯದೋ ಹೊಸದೋ ಗೊತ್ತಾಗುವುದಿಲ್ಲ. ನಿಮಗೂ ಒಂದು ಬಾಕಿ ಕೆಲಸ ತಲೆಯ ಮೇಲೆ ಕೂತೇ ಇರುತ್ತದೆ. ನಡೆಸಲು ಹುಮ್ಮಸ್ಸಿಲ್ಲ ಅಂತ ನೀವು ಹೇಳುವುದರಲ್ಲಿ ಅರ್ಧ ಪಾಲು ಈ ಬಾಕಿಯ ಬೇಸರವೇ ಇರಬಹುದು. ಸೈಟ್ ಇಲ್ಲಿಗೆ ಪೂರ್ತಿಯಾಯಿತು ಅಂತ ಬರೆದು ಹಾಕಿದ ಮೇಲೆ ಎಷ್ಟೋ ಜನರಿಗೆ ಅದರ ಮೇಲೆ ಮತ್ತೆ ಪ್ರೀತಿ ಹುಟ್ಟುವುದನ್ನು ಕಂಡಿದ್ದೇನೆ. ಆಮೇಲೆ ಬರೆಯುವುದೆಲ್ಲ ಬೇಕು ಅಂತ ಬರೆದದ್ದು, ಬರೆಯಬೇಕಲ್ಲಾ ಅಂತ ಬರೆದದ್ದಲ್ಲ.

ಹಾಗಾದರೆ ಇರುವ ಹಾಗೇ ಬಿಟ್ಟುಬಿಟ್ಟರೆ ಆಗಲ್ವಾ? ಆಗುವುದಿಲ್ಲ. ಸೈಟ್ ತಾನಾಗಿ ಉಳಿಯುವುದಿಲ್ಲ. 2004ರ ಕಾಲದ ಫ್ಯಾನ್ ಸೈಟ್ ಅಂದರೆ ಸಾಮಾನ್ಯವಾಗಿ ಪಿಎಚ್‌ಪಿ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಮತ್ತು ಮೈಎಸ್‌ಕ್ಯುಎಲ್ ಅನ್ನುವ ಡೇಟಾಬೇಸ್ (ಮಾಹಿತಿ ಜೋಡಿಸಿಡುವ ವ್ಯವಸ್ಥೆ) ಮೇಲೆ ನಿಂತದ್ದು. ಸುದ್ದಿಗೆ ಕ್ಯೂಟ್‌ನ್ಯೂಸ್, ಫೋಟೋಗಳಿಗೆ ಕಾಪರ್‌ಮೈನ್, ಗೆಸ್ಟ್‌ಬುಕ್‌ಗೆ ಎಲ್ಲೋ ಸಿಕ್ಕ ಒಂದು ಉಚಿತ ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಂ). ಆ ಕಾಲದ ಬಹಳಷ್ಟು ಸ್ಕ್ರಿಪ್ಟ್‌ಗಳು ಡೇಟಾಬೇಸ್ ಜೊತೆ ಮಾತಾಡಲು ಬಳಸುತ್ತಿದ್ದ ಹಳೆಯ ವಿಧಾನವನ್ನೇ 2015ರ ಡಿಸೆಂಬರ್‌ನಲ್ಲಿ ಬಂದ ಪಿಎಚ್‌ಪಿ 7ರಲ್ಲಿ ತೆಗೆದುಹಾಕಿದರು. ಹಳೆಯ 5.6 ಆವೃತ್ತಿಗೆ ಭದ್ರತೆಯ ತಿದ್ದುಪಡಿ ಬರುವುದು 2018ರ ಕೊನೆಗೆ ನಿಂತಿತು. ಹೋಸ್ಟಿಂಗ್ ಕಂಪನಿ ಒಂದು ದಿನ ಸರ್ವರ್ ಬದಲಿಸುತ್ತದೆ, ಬೆಳಗ್ಗೆ ನೋಡಿದರೆ ನಿಮ್ಮ ಸೈಟ್ ಬಿಳಿ ಹಾಳೆ. ಅಥವಾ ಕಂಪನಿ ಹಳೆಯದನ್ನೇ ಉಳಿಸಿಕೊಂಡಿದ್ದರೆ ಇನ್ನೂ ಕಷ್ಟ. ತೂತಿರುವ ಸ್ಕ್ರಿಪ್ಟ್ ಮೂಲಕ ಯಾರೋ ಒಳಗೆ ನುಗ್ಗಿ, ನಿಮ್ಮ ಪುಟಗಳ ಅಡಿಯಲ್ಲಿ ಕಾಣದ ಹಾಗೆ ಔಷಧಿ ಮಾರುವ ಲಿಂಕ್‌ಗಳನ್ನು ತುಂಬಿರುತ್ತಾರೆ. ನಿಮಗೆ ಗೊತ್ತಾಗುವ ಹೊತ್ತಿಗೆ ಬ್ರೌಸರ್‌ಗಳು ಸೈಟ್‌ಗೆ ಕೆಂಪು ಎಚ್ಚರಿಕೆ ತೋರಿಸಲು ಶುರು ಮಾಡಿರುತ್ತವೆ.

ಸೈಟ್‌ನ ಹೊರಗಿರುವ ವಸ್ತುಗಳ ಕಥೆಯೂ ಇದೇ. ಚಿತ್ರಗಳನ್ನು ಇಡುವ ತಾಣ ಫೋಟೋಬಕೆಟ್ 2017ರಲ್ಲಿ, ಉಚಿತ ಖಾತೆಯ ಚಿತ್ರಗಳನ್ನು ಬೇರೆ ಸೈಟ್‌ಗಳಲ್ಲಿ ತೋರಿಸುವ ಸೌಲಭ್ಯವನ್ನು ನಿಲ್ಲಿಸಿತು. ಅಲ್ಲಿ ಚಿತ್ರ ಇಟ್ಟಿದ್ದ ಲೆಕ್ಕವಿಲ್ಲದಷ್ಟು ಪುಟಗಳಲ್ಲಿ ಚಿತ್ರದ ಜಾಗದಲ್ಲಿ ಹಣ ಕಟ್ಟಿ ಅನ್ನುವ ಫಲಕ ಬಂತು. ಬ್ರೌಸರ್‌ನಲ್ಲಿ ಹಾಡು, ಆನಿಮೇಷನ್ ಓಡಿಸುತ್ತಿದ್ದ ಫ್ಲ್ಯಾಶ್ ತಂತ್ರಾಂಶದ ಆಯುಷ್ಯ 2020ರ ಡಿಸೆಂಬರ್ 31ಕ್ಕೆ ಮುಗಿಯಿತು. ನಿಮ್ಮ ಸೈಟ್‌ನಲ್ಲಿ ಫ್ಲ್ಯಾಶ್ ಹಾಡಿನ ಪ್ಲೇಯರ್ ಇದ್ದರೆ ಅದು ಈಗ ಖಾಲಿ ಡಬ್ಬಿ. (ರಫಲ್ ಅನ್ನುವ ಉಚಿತ ತಂತ್ರಾಂಶ ಹಳೆಯ ಫ್ಲ್ಯಾಶ್ ಫೈಲ್‌ಗಳಲ್ಲಿ ಸುಮಾರು ಭಾಗವನ್ನು ಮತ್ತೆ ಓಡಿಸುತ್ತದೆ. ಪುಟ್ಟ ಆಟವೋ ಆನಿಮೇಷನ್ನೋ ಇದ್ದರೆ ಒಮ್ಮೆ ಹಾಕಿ ನೋಡಿ, ಖುಷಿಯಾಗುತ್ತದೆ.) ಎಚ್‌ಟಿಟಿಪಿಎಸ್ (ಸೈಟ್ ಮತ್ತು ಓದುಗರ ನಡುವಿನ ಮಾಹಿತಿಯನ್ನು ಗುಟ್ಟಾಗಿ ಸಾಗಿಸುವ ವಿಧಾನ) ಇಲ್ಲದ ಸೈಟ್‌ಗಳನ್ನು ಕ್ರೋಮ್ 2018ರ ಜುಲೈಯಿಂದ "ಸುರಕ್ಷಿತವಲ್ಲ" ಅಂತ ಗುರುತು ಮಾಡುತ್ತಿದೆ. ಇದಕ್ಕೆ ಮಾತ್ರ ಪರಿಹಾರ ಸುಲಭ: ಲೆಟ್ಸ್ ಎನ್‌ಕ್ರಿಪ್ಟ್ ಅನ್ನುವ ಸೇವೆ ಅದಕ್ಕೆ ಬೇಕಾದ ಪ್ರಮಾಣಪತ್ರವನ್ನು ಉಚಿತವಾಗಿ ಕೊಡುತ್ತದೆ, ಬಹಳಷ್ಟು ಹೋಸ್ಟಿಂಗ್‌ಗಳಲ್ಲಿ ಒಂದು ಬಟನ್ ಒತ್ತಿದರೆ ಮುಗಿಯಿತು.

ನಿಮ್ಮ ಸೈಟ್‌ಗೆ ನನ್ನ ಸಲಹೆ ಇಷ್ಟು. ಸುದ್ದಿ ವಿಭಾಗ ನಿಲ್ಲಿಸಿ. ಉಳಿದದ್ದನ್ನು ಸಾದಾ ಎಚ್‌ಟಿಎಂಎಲ್ ಪುಟಗಳಾಗಿ ಬದಲಿಸಿ. ಅಂದರೆ ಡೇಟಾಬೇಸ್ ಇಲ್ಲ, ಸ್ಕ್ರಿಪ್ಟ್ ಇಲ್ಲ, ಲಾಗಿನ್ ಇಲ್ಲ, ಬರೀ ಫೈಲ್‌ಗಳು. ಎಚ್‌ಟಿಟ್ರ್ಯಾಕ್ ಅಥವಾ ಡಬ್ಲ್ಯೂಗೆಟ್ ಅನ್ನುವ ಉಚಿತ ತಂತ್ರಾಂಶಗಳು ಸೈಟ್‌ನ ಪುಟ ಪುಟವನ್ನೂ ಓದುಗರ ಹಾಗೆ ತೆರೆದು, ಕಂಡದ್ದನ್ನು ಫೈಲ್ ಆಗಿ ಉಳಿಸಿಕೊಳ್ಳುತ್ತವೆ. ಗ್ಯಾಲರಿ ದೊಡ್ಡದಿದ್ದರೆ ರಾತ್ರಿಯಿಡೀ ಓಡಬಹುದು, ಓಡಲಿ. ಎರಡು ಎಚ್ಚರ ಬೇಕು. ಓಡಿಸುವ ಮೊದಲು ಸ್ಕ್ರಿಪ್ಟ್‌ಗಳು ಈಗಲೂ ಸರಿಯಾಗಿ ನಡೆಯುತ್ತಿವೆಯಾ ನೋಡಿಕೊಳ್ಳಿ, ಇಲ್ಲದಿದ್ದರೆ ದೋಷದ ಸಂದೇಶಗಳನ್ನೇ ಜೋಪಾನವಾಗಿ ಉಳಿಸಿಕೊಳ್ಳುತ್ತೀರಿ. ಎರಡನೆಯದು, ಮೂಲ ಫೈಲ್‌ಗಳನ್ನೂ ಡೇಟಾಬೇಸ್‌ನ ಒಂದು ಪ್ರತಿಯನ್ನೂ ಬೇರೆಯಾಗಿ ತೆಗೆದಿಡಿ. ಒಂದು ಪ್ರತಿ ಮನೆಯ ಹಾರ್ಡ್ ಡಿಸ್ಕ್‌ನಲ್ಲಿ, ಇನ್ನೊಂದು ಬೇರೆ ಜಾಗದಲ್ಲಿ. ಹೋಸ್ಟಿಂಗ್ ಕಂಪನಿ ಬ್ಯಾಕಪ್ ಇಡುತ್ತದೆ ಅನ್ನುವ ಮಾತನ್ನು ನಂಬಿ ಕೂರಬೇಡಿ.

ಸಾದಾ ಪುಟಗಳಿಗೆ ಬೀಗ ಒಡೆಯುವಂಥ ಬಾಗಿಲೇ ಇರುವುದಿಲ್ಲ, ಮುಂದಿನ ಪಿಎಚ್‌ಪಿ ಆವೃತ್ತಿಯ ಚಿಂತೆಯೂ ಇಲ್ಲ. ಹೋಸ್ಟಿಂಗ್ ಖರ್ಚೂ ಇಳಿಯುತ್ತದೆ. ನಿಯೋಸಿಟೀಸ್‌ನಂಥ ಜಾಗದಲ್ಲಿ ಚಿಕ್ಕ ಸೈಟನ್ನು ಉಚಿತವಾಗಿಯೇ ಇಡಬಹುದು. ಆದರೆ ಉಚಿತ ಜಾಗಕ್ಕೆ ಹೋದರೂ ಸ್ವಂತ ಡೊಮೇನ್ ಬಿಡಬೇಡಿ. ಉಚಿತವಾಗಿ ಪುಟ ಇಡಲು ಜಾಗ ಕೊಡುತ್ತಿದ್ದ ಜಿಯೋಸಿಟೀಸ್ ನೆನಪಿರಬೇಕಲ್ಲ. 1994ರಲ್ಲಿ ಶುರುವಾಗಿ, 1999ರಲ್ಲಿ ಯಾಹೂ ಕೈಗೆ ಹೋಗಿ, 2009ರ ಅಕ್ಟೋಬರ್‌ನಲ್ಲಿ ಮುಚ್ಚಿತು. ಅಲ್ಲಿದ್ದ ಫ್ಯಾನ್ ಪುಟಗಳಲ್ಲಿ ಒಂದಷ್ಟನ್ನು ಆರ್ಕೈವ್ ಟೀಮ್ ಅನ್ನುವ ಸ್ವಯಂಸೇವಕರ ಗುಂಪು, ಹಳೆಯ ವೆಬ್ ಪುಟಗಳನ್ನು ಕಾಪಿಡುವ ಇಂಟರ್ನೆಟ್ ಆರ್ಕೈವ್ ಸಂಸ್ಥೆ ಮುಂತಾದವರು ಕೊನೆಗಳಿಗೆಯಲ್ಲಿ ನಕಲು ಮಾಡಿ ಉಳಿಸಿದರು. ಆದರೆ ಹಳೆಯ ವಿಳಾಸಗಳೆಲ್ಲ ಸತ್ತವು. ಡೊಮೇನ್ ನಿಮ್ಮದಾಗಿದ್ದರೆ ಹೋಸ್ಟಿಂಗ್ ಕಂಪನಿ ಮುಚ್ಚಿದರೂ ಫೈಲ್‌ಗಳನ್ನು ಬೇರೆ ಕಡೆ ಹಾಕಿ ಅದೇ ವಿಳಾಸ ತೋರಿಸಬಹುದು.

ವಿಳಾಸದ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಪುಟ ಎಷ್ಟೇ ಹಳೆಯ ವಿನ್ಯಾಸದಲ್ಲಿರಲಿ ಪರವಾಗಿಲ್ಲ, ಅದರ ವಿಳಾಸ ಬದಲಾಗಬಾರದು. ಅಮೆರಿಕದ ಸಂಶೋಧನಾ ಸಂಸ್ಥೆ ಪ್ಯೂ ರಿಸರ್ಚ್ ಸೆಂಟರ್ 2024ರಲ್ಲಿ ಹೇಳಿದ ಲೆಕ್ಕದಂತೆ, 2013ರಲ್ಲಿ ಇದ್ದ ವೆಬ್ ಪುಟಗಳಲ್ಲಿ ಶೇ 38ರಷ್ಟು ಹತ್ತು ವರ್ಷದಲ್ಲಿ ಸಿಗದೇ ಹೋದವು. ವಿಕಿಪೀಡಿಯದ ಪುಟಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಪುಟಗಳ ಉಲ್ಲೇಖಗಳಲ್ಲಿ ಕನಿಷ್ಠ ಒಂದು ಸತ್ತ ಲಿಂಕ್ ಇದೆ ಅಂತಲೂ ಅವರು ಕಂಡರು. ನಿಮ್ಮ ತಂಡದ ಬಗ್ಗೆ ವಿಕಿಪೀಡಿಯದಲ್ಲಿ ಪುಟ ಇದ್ದರೆ ಅದರ ಉಲ್ಲೇಖಗಳನ್ನು ತೆರೆದು ನೋಡಿ. ನಿಮ್ಮ ಸಂದರ್ಶನದ ಪುಟ ಅಲ್ಲಿ ಇದ್ದರೆ ನನಗೆ ಆಶ್ಚರ್ಯವಾಗುವುದಿಲ್ಲ. ಸಾದಾ ಪುಟಗಳಿಗೆ ಬದಲಿಸುವಾಗ ಫೈಲ್ ಹೆಸರು ಬದಲಾಗಲೇಬೇಕು ಅಂದರೆ ಹಳೆಯ ವಿಳಾಸದಿಂದ ಹೊಸದಕ್ಕೆ 301 ರೀಡೈರೆಕ್ಟ್ (ಬಂದವರನ್ನು ತಾನಾಗಿ ಹೊಸ ವಿಳಾಸಕ್ಕೆ ಕಳಿಸುವ ಸೂಚನೆ) ಹಾಕಿ. ಎಲ್ಲವನ್ನೂ ಮುಖಪುಟಕ್ಕೆ ತಿರುಗಿಸುವ ಸೋಮಾರಿ ದಾರಿ ಬೇಡ. ಹುಡುಕಿಕೊಂಡು ಬಂದವರಿಗೆ ಬೇಕಾದದ್ದು ಮುಖಪುಟದಲ್ಲಿ ಸಿಗುವುದಿಲ್ಲ.

ಗೆಸ್ಟ್‌ಬುಕ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ಹೊಸ ಸಂದೇಶ ತೆಗೆದುಕೊಳ್ಳುವುದನ್ನು ನಿಲ್ಲಿಸಿ. ಈಗ ಅಲ್ಲಿಗೆ ಬರುವುದು ಸ್ಪ್ಯಾಮ್ ಮಾತ್ರ. ಹಳೆಯ ಸಂದೇಶಗಳನ್ನು ಉಳಿಸಿ, ಆದರೆ ಒಂದು ಸಲ ಕೂತು ಓದಿ. ಆ ಕಾಲದಲ್ಲಿ ಜನ ಪೂರ್ತಿ ಹೆಸರು, ಊರು, ಶಾಲೆ, ಇಮೇಲ್, ಕೆಲವರು ಫೋನ್ ನಂಬರನ್ನೂ ಬರೆದು ಹೋಗುತ್ತಿದ್ದರು. ಹದಿಮೂರು ವರ್ಷದ ಹುಡುಗಿ ಅವತ್ತು ಬರೆದ ಸಾಲು, ಈಗ ಉದ್ಯೋಗದಲ್ಲಿರುವ ಹೆಂಗಸಿನ ಹೆಸರು ಹುಡುಕಿದರೆ ಸಿಗುತ್ತದೆ. ಇಮೇಲ್, ಫೋನ್, ಪೂರ್ತಿ ಹೆಸರು ತೆಗೆಯಿರಿ, ಸಂದೇಶ ಇರಲಿ. ಅಭಿಮಾನಿಗಳು ಕಳಿಸಿದ ಫೋಟೋಗಳಲ್ಲೂ ಹೀಗೆ ಒಮ್ಮೆ ಕಣ್ಣಾಡಿಸಿ.

ಪುಟಗಳನ್ನು ಸರಿ ಮಾಡುವಾಗ ವಿನ್ಯಾಸಕ್ಕೆ ಕೈ ಹಾಕುವ ಆಸೆ ಬರುತ್ತದೆ. ಬೇಡ. ಅದಕ್ಕೆ ಕೈ ಹಾಕಿದ ಎಷ್ಟೋ ಜನ ಅರ್ಧಕ್ಕೆ ಬಿಟ್ಟು, ಹಳೆಯದೂ ಇಲ್ಲ ಹೊಸದೂ ಇಲ್ಲ ಅನ್ನುವ ಸ್ಥಿತಿಗೆ ಬರುತ್ತಾರೆ. ಮೊಬೈಲ್‌ನಲ್ಲಿ ಓದಲು ಆಗುವಷ್ಟು ಅಕ್ಷರ ದೊಡ್ಡದು ಮಾಡಿ. ಹಳೆಯ ಫಾಂಟ್ ವ್ಯವಸ್ಥೆಯಲ್ಲಿ ಬರೆದ ಪುಟಗಳಿದ್ದರೆ ಯೂನಿಕೋಡ್‌ಗೆ ಬದಲಿಸಿ, ಇಲ್ಲದಿದ್ದರೆ ಅವು ಓದುಗರಿಗೂ ಸರ್ಚ್‌ಗೂ ಬರೀ ಗೀಚು. ಅಷ್ಟು ಸಾಕು. ಮಿನುಗುವ ನಕ್ಷತ್ರದ ಹಿನ್ನೆಲೆ ಇದ್ದರೆ ಅದನ್ನಂತೂ ಮುಟ್ಟಲೇಬೇಡಿ. ಈಗ ಅದನ್ನು ನೋಡಲೆಂದೇ ಬರುವ ಜನ ಇದ್ದಾರೆ.

ಇನ್ನು ಮುಖಪುಟದಲ್ಲಿ ಹಾಕುವ ಸೂಚನೆ. ಉದ್ದ ಬೇಡ, ಭಾವುಕ ಬೀಳ್ಕೊಡುಗೆ ಬೇಡ. ಹೀಗೆ ಬರೆಯಬಹುದು: "ಈ ಸೈಟ್‌ನಲ್ಲಿ 2004ರಿಂದ ಇಲ್ಲಿಯವರೆಗಿನ ಮಾಹಿತಿ ಇದೆ. ಹೊಸ ಸುದ್ದಿ ಹಾಕುವುದನ್ನು ನಿಲ್ಲಿಸಿದ್ದೇನೆ. ಪುಟಗಳು ಇಲ್ಲೇ ಇರುತ್ತವೆ. ತಪ್ಪು ಕಂಡರೆ ಅಥವಾ ಹಳೆಯ ಕಾರ್ಯಕ್ರಮದ ವಿವರ ನಿಮ್ಮ ಬಳಿ ಇದ್ದರೆ ಈ ವಿಳಾಸಕ್ಕೆ ಬರೆಯಿರಿ, ವರ್ಷಕ್ಕೆ ಎರಡು ಸಲ ಸೇರಿಸುತ್ತೇನೆ." ಕೆಳಗೆ ತಿಂಗಳು, ಇಸವಿ. ಕೊನೆಯ ವಾಕ್ಯ ಮುಖ್ಯ. ಹಳೆಯ ಟಿಕೆಟ್ ತುಂಡು, ಕರಪತ್ರ, ರೆಕಾರ್ಡಿಂಗ್ ಇಟ್ಟುಕೊಂಡವರು ಜಗತ್ತಿನಲ್ಲಿ ಎಲ್ಲೋ ಇರುತ್ತಾರೆ, ಅವರು ನಿಮ್ಮನ್ನು ಹುಡುಕಿಕೊಂಡು ಬರುವುದು ಎಷ್ಟೋ ವರ್ಷವಾದ ಮೇಲೆ. ಆ ಬಾಗಿಲು ತೆರೆದಿರಲಿ. ವರ್ಷಕ್ಕೆ ಎರಡು ಸಲವೂ ಜಾಸ್ತಿ ಅನಿಸಿದರೆ ಒಂದು ಸಲ ಅನ್ನಿ. ಆದರೆ ಹೇಳಿದ್ದನ್ನು ನಡೆಸಿ.

ಎಲ್ಲ ಮುಗಿದ ಮೇಲೆ ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ಗೆ ಹೋಗಿ ಮುಖ್ಯ ಪುಟಗಳನ್ನು ಒಂದೊಂದಾಗಿ ಉಳಿಸಿ. ಹೇಗೂ ಅಲ್ಲಿ ಇರುತ್ತಲ್ಲ, ಇನ್ನು ಸೈಟ್ ಯಾಕೆ ಅಂತ ಕೆಲವರು ಕೇಳುತ್ತಾರೆ. ಅಲ್ಲಿ ಇರುವುದು ಸಿಕ್ಕಷ್ಟು ಮಾತ್ರ. ಗ್ಯಾಲರಿಯ ಮೊದಲ ಪುಟ ಇರುತ್ತದೆ, ದೊಡ್ಡ ಫೋಟೋ ಒತ್ತಿದರೆ ಇರುವುದಿಲ್ಲ. ಅಲ್ಲದೆ ಆ ಪುಟಗಳನ್ನು ಮಾಮೂಲಿ ಗೂಗಲ್ ಹುಡುಕಾಟ ತೋರಿಸುವುದಿಲ್ಲ, ಹಳೆಯ ವಿಳಾಸ ಗೊತ್ತಿದ್ದವರಿಗೆ ಮಾತ್ರ ದಾರಿ. 2024ರ ಅಕ್ಟೋಬರ್‌ನಲ್ಲಿ ಸೈಬರ್ ದಾಳಿಯಾಗಿ ಆ ಸಂಸ್ಥೆಯೇ ಹಲವು ದಿನ ಬಂದ್ ಆಗಿತ್ತು. ಅವರು ಮಾಡುತ್ತಿರುವುದು ದೊಡ್ಡ ಕೆಲಸ, ಆದರೆ ಎಲ್ಲವನ್ನೂ ಅವರ ಒಬ್ಬರ ತಲೆಗೆ ಕಟ್ಟುವುದು ಸರಿಯಲ್ಲ.

"ಎಲ್ಲವನ್ನೂ ಫ್ಯಾನ್ ವಿಕಿಗೆ (ಅಭಿಮಾನಿಗಳೇ ಸೇರಿ ಬರೆಯುವ ಸೈಟ್‌ಗೆ) ಹಾಕಿಬಿಡಲಾ?" ಅನ್ನುವ ಯೋಚನೆ ನಿಮಗೂ ಬಂದಿರಬಹುದು. ಒಣ ಮಾಹಿತಿ, ಅಂದರೆ ತಾರೀಖು, ಹಾಡಿನ ಪಟ್ಟಿ ಇಂಥದ್ದನ್ನು ಹಾಕಿ, ಇನ್ನೊಂದು ಕಡೆ ಇದ್ದರೆ ಒಳ್ಳೆಯದೇ. ನಿಮ್ಮ ಬರಹವನ್ನು ಹಾಕುವ ಮೊದಲು ಮಾತ್ರ ತಿಳಿದಿರಲಿ: ಅಲ್ಲಿ ಹಾಕಿದ್ದು ಸಾಮಾನ್ಯವಾಗಿ ಮುಕ್ತ ಪರವಾನಗಿಯ ಅಡಿಯಲ್ಲಿ ಹೋಗುತ್ತದೆ, ಆಮೇಲೆ ವಾಪಸ್ ತೆಗೆದುಕೊಳ್ಳಲು ಆಗುವುದಿಲ್ಲ. ಯಾರು ಬೇಕಾದರೂ ತಿದ್ದಬಹುದು. ನಿಮ್ಮ ಅಭಿಪ್ರಾಯ, ನಿಮ್ಮ ತಮಾಷೆ, "ಈ ಹಾಡು ನನಗೆ ಸ್ವಲ್ಪವೂ ಹಿಡಿಸಲಿಲ್ಲ" ಅನ್ನುವ ಸಾಲು ಅಲ್ಲಿ ಒಂದು ವಾರ ಉಳಿಯುವುದಿಲ್ಲ. ಫ್ಯಾನ್ ಸೈಟ್ ಓದಲು ಚೆನ್ನಾಗಿರುವುದೇ ಆ ಸಾಲುಗಳಿಂದ ಅಲ್ವಾ? ಸೋಷಿಯಲ್ ಮೀಡಿಯಾ ಗುಂಪಿನಲ್ಲಿ ಹಾಕುವುದು ಇನ್ನೂ ಬೇಡ, ಮೂರು ದಿನದಲ್ಲಿ ತಳ ಸೇರುತ್ತದೆ. ನಿಮ್ಮಲ್ಲಿ ಅಭಿಮಾನಿಗಳು ಬರೆದ ಕಥೆಗಳೂ ಇದ್ದರೆ ಅದಕ್ಕೆ ಬೇರೆ ದಾರಿ ಇದೆ. ಆರ್ಕೈವ್ ಆಫ್ ಅವರ್ ಓನ್ ಅನ್ನುವ ಫ್ಯಾನ್ ಕಥೆಗಳ ತಾಣವನ್ನು ನಡೆಸುವ ಸಂಸ್ಥೆಯ ಓಪನ್ ಡೋರ್ಸ್ ಯೋಜನೆ, ಮುಚ್ಚುವ ಹಂತದಲ್ಲಿರುವ ಫ್ಯಾನ್ ಕಥಾ ಸಂಗ್ರಹಗಳನ್ನು ತನ್ನಲ್ಲಿ ಸೇರಿಸಿಕೊಳ್ಳುತ್ತದೆ.

ಬೇರೆ ಅಭಿಮಾನಿಗೆ ಸೈಟ್ ಒಪ್ಪಿಸುವುದೂ ಒಂದು ದಾರಿ. ಜನ ಸಿಕ್ಕರೆ ಒಳ್ಳೆಯದು. ಆದರೆ ಒಂದೇ ದಿನ ಎಲ್ಲ ಕೊಟ್ಟುಬಿಡಬೇಡಿ. ಮೊದಲು ಫೈಲ್‌ಗಳ ಪ್ರತಿ ಕೊಡಿ, ಒಂದು ವರ್ಷ ನಡೆಸಲಿ. ಡೊಮೇನ್ ಆಮೇಲೆ. ಯಾರಿಗೂ ಒಪ್ಪಿಸದಿದ್ದರೂ ಡೊಮೇನ್, ಹೋಸ್ಟಿಂಗ್, ಬ್ಯಾಕಪ್ ಎಲ್ಲಿವೆ ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದು ಮನೆಯವರಿಗೆ ತೋರಿಸಿ. ಮಾಲೀಕರು ತೀರಿಹೋಗಿ, ಮನೆಯವರಿಗೆ ವಿಷಯವೇ ಗೊತ್ತಿಲ್ಲದೆ ಮುಳುಗಿದ ಒಳ್ಳೆಯ ಸೈಟ್‌ಗಳು ಬಹಳ.

ಪೂರ್ತಿ ಅಳಿಸುವುದು ಸರಿಯಾಗುವ ಸಂದರ್ಭವೂ ಇದೆ. ನೀವು ಮೆಚ್ಚಿದ ವ್ಯಕ್ತಿಯ ಬಗ್ಗೆ ಆಮೇಲೆ ಏನೋ ಹೊರಬಂದು, ಆ ಹೆಸರಿನ ಪಕ್ಕ ನಿಮ್ಮ ಹೆಸರು ಬೇಡ ಅನಿಸಿದರೆ ಯಾರ ದಾಕ್ಷಿಣ್ಯವೂ ಬೇಡ, ತೆಗೆಯಿರಿ. ಸೈಟ್ ನಿಮಗೆ ಕಿರುಕುಳ ತರುತ್ತಿದ್ದರೂ ಅಷ್ಟೇ. "ಇತಿಹಾಸ ಉಳಿಸಬೇಕು" ಅನ್ನುವ ಜವಾಬ್ದಾರಿಯನ್ನು ಯಾರೂ ನಿಮ್ಮ ಮೇಲೆ ಹೊರಿಸಿಲ್ಲ. ಆದರೆ ಸೈಟ್ ಅಳಿಸಿದರೂ ಡೊಮೇನನ್ನು ಒಂದೆರಡು ವರ್ಷ ನಿಮ್ಮ ಕೈಯಲ್ಲೇ ಖಾಲಿಯಾಗಿ ಇಟ್ಟುಕೊಳ್ಳಿ. ನಿಮ್ಮ ಪತ್ರದಲ್ಲಿ ಮಾತ್ರ ಅಂಥ ಕಾರಣ ಯಾವುದೂ ಕಾಣಲಿಲ್ಲ, ಬರೀ ದಣಿವು ಕಂಡಿತು. ದಣಿವಿಗೆ ಅಳಿಸುವುದು ಮದ್ದಲ್ಲ.

ಆ ಡೊಮೇನ್ ಕೊಳ್ಳುವವರ ವಿಷಯಕ್ಕೆ ಬರುತ್ತೇನೆ. ಅವರಿಗೆ ನಿಮ್ಮ ತಂಡದ ಹಾಡು ಬೇಕಿಲ್ಲ. ಇಪ್ಪತ್ತು ವರ್ಷದಲ್ಲಿ ಬೇರೆ ಸೈಟ್‌ಗಳು ನಿಮಗೆ ಕೊಟ್ಟಿರುವ ಲಿಂಕ್‌ಗಳು ಬೇಕು. ಆ ಹೆಸರಿನಲ್ಲಿ ಜೂಜಿನದೋ ಸಾಲದ್ದೋ ಪುಟ ಹಾಕಿದರೆ ಸರ್ಚ್‌ನಲ್ಲಿ ಮೇಲೆ ಬರಬಹುದು ಅನ್ನುವ ಆಸೆ. ನಿಮ್ಮ ಅಫಿಲಿಯೇಟ್ ಬಟನ್‌ಗಳು ಜೂಜಿನ ಸೈಟ್‌ಗೆ ಹೋಗುತ್ತಿದ್ದರೆ ಅವಕ್ಕೂ ಇದೇ ಆಗಿದೆ. ಮಾರದಿದ್ದರೂ, ನವೀಕರಿಸಲು ಮರೆತರೆ ಇದೇ ಗತಿ. ಡಾಟ್ ಕಾಮ್ ಹೆಸರು ಅವಧಿ ಮುಗಿದ ಮೇಲೆ ರಿಜಿಸ್ಟ್ರಾರ್ (ಡೊಮೇನ್ ನೋಂದಾಯಿಸುವ ಕಂಪನಿ) ಕಡೆಯಿಂದ ಹೆಚ್ಚೆಂದರೆ 45 ದಿನದ ಕಾಲಾವಕಾಶ, ಕೆಲವರು ಅಷ್ಟೂ ಕೊಡುವುದಿಲ್ಲ. ಆಮೇಲೆ 30 ದಿನ ದಂಡ ಕಟ್ಟಿ ಬಿಡಿಸಿಕೊಳ್ಳಬಹುದು, ಅದಾದ ಮೇಲೆ 5 ದಿನ ಕಳೆದರೆ ಹೆಸರು ಬಯಲಿಗೆ. ಹಿಡಿಯಲು ಯಂತ್ರಗಳು ಕಾಯುತ್ತಿರುತ್ತವೆ. ಆ ಡೊಮೇನ್‌ನ ಇಮೇಲ್ ಕೊಟ್ಟು ಬೇರೆ ಯಾವುದಾದರೂ ಖಾತೆ ತೆರೆದಿದ್ದರೆ ಆ ಖಾತೆಗಳ ಪಾಸ್‌ವರ್ಡ್ ಬದಲಿಸುವ ಮೇಲ್‌ಗಳೂ ಹೊಸ ಮಾಲೀಕರಿಗೇ ಹೋಗುತ್ತವೆ. ಅಂಥ ಖಾತೆಗಳಲ್ಲಿ ಮೊದಲು ವಿಳಾಸ ಬದಲಿಸಿ. ಡೊಮೇನನ್ನು ಒಟ್ಟಿಗೆ 10 ವರ್ಷದವರೆಗೆ ನೋಂದಾಯಿಸಬಹುದು. ಒಂದಷ್ಟು ವರ್ಷಕ್ಕೆ ಒಟ್ಟಿಗೆ ಕಟ್ಟಿ, ಆಟೋ ರಿನ್ಯೂ ಹಾಕಿ, ಅದರಲ್ಲಿರುವ ಕಾರ್ಡ್ ಚಾಲ್ತಿಯಲ್ಲಿದೆಯಾ ನೋಡಿಕೊಳ್ಳಿ.

ಮೇಲ್ ಕಳಿಸುತ್ತಿರುವವರು "ಮೊದಲು ಬೆಲೆ ಕಟ್ಟುವ ಪ್ರಮಾಣಪತ್ರ ತನ್ನಿ, ಈ ಸೈಟ್‌ನಲ್ಲಿ ಹಣ ಕಟ್ಟಿದರೆ ಸಿಗುತ್ತದೆ" ಅಂದಿದ್ದರೆ ಅದು ಡೊಮೇನ್ ವ್ಯಾಪಾರವೂ ಅಲ್ಲ, ಹಳೆಯ ಮೋಸ. ಹಣ ಕಟ್ಟಿದ ಮೇಲೆ ಖರೀದಿದಾರರು ಮಾಯ. ಎರಡರಲ್ಲಿ ಯಾವುದೇ ಆಗಿರಲಿ, ಆ ಮೇಲ್‌ಗಳಿಗೆ ಉತ್ತರ ಬರೆಯುವ ಅಗತ್ಯವಿಲ್ಲ.